ಮರಕ್ಕೆ ಮಣ್ಣು ಪರೀಕ್ಷೆ, ಮನುಷ್ಯನಿಗೆ ವಾಟ್ಸ್‌ಆ್ಯಪ್

ತೆಂಗಿನ ಸೀಮೆಯಲ್ಲಿ ಯಾರ ಮಾತನ್ನೂ ಯಾರೂ ಸುಮ್ಮನೆ ನಂಬುವುದಿಲ್ಲ, ವಿಷಯ ತೆಂಗಿನದ್ದಾಗಿದ್ದರೆ. ತಿಪಟೂರಿನ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತಾ ಒಬ್ಬರು "ಮರದ ಬುಡಕ್ಕೆ ಉಪ್ಪು ಹಾಕಿ ನೋಡಿ, ಕಾಯಿ ಹೆಂಗೆ ಕಚ್ಚುತ್ತೆ ಅಂತ" ಎಂದರೆ ಸಾಕು, ಸುತ್ತಲಿನವರ ತನಿಖೆ ಶುರುವಾಗುತ್ತದೆ. "ನಿಮ್ದು ಕೆಂಪು ಮಣ್ಣೋ, ಎರೆಯೋ?" "ಬೋರಲ್ಲಿ ಎಷ್ಟಿಂಚು ನೀರೈತೆ?" "ಹಾಕಿ ಎಷ್ಟು ವರ್ಷಾಯ್ತು?" ಉತ್ತರ ಸರಿಬರದಿದ್ದರೆ ಸಲಹೆ ಅಲ್ಲೇ ಬಿದ್ದುಹೋಯಿತು. ಸರಿಬಂದರೂ ಇಡೀ ತೋಟಕ್ಕೆ ಸುರಿಯುವ ದುಡುಕು ಯಾರಿಗೂ ಇಲ್ಲ. ಬದುವಿನ ಪಕ್ಕದ ನಾಲ್ಕು ಮರಕ್ಕೆ ಹಾಕಿ ನೋಡೋಣ ಎನ್ನುತ್ತಾರೆ.

ಅದೇ ಮನುಷ್ಯ ರಾತ್ರಿ ಊಟ ಮುಗಿಸಿ ಫೋನ್ ತೆರೆದರೆ ಬೇರೆಯವನೇ ಆಗಿಬಿಡುತ್ತಾನೆ. ಬೆಳಗಿನ ಜಾವ ನಾಲ್ಕಕ್ಕೆ ಏಳಿ, ಖಾಲಿ ಹೊಟ್ಟೆಗೆ ಇಂಥದ್ದು ಕುಡಿಯಿರಿ, ದಿನಾ ಹತ್ತು ಸಾವಿರ ಹೆಜ್ಜೆ ಹಾಕಿ, 21 ದಿನ ಬಿಡದೆ ಮಾಡಿ ಬದುಕೇ ಬದಲಾಗುತ್ತದೆ, ಕನ್ನಡಿ ಮುಂದೆ ನಿಂತು ಗೆಲ್ಲುತ್ತೇನೆ ಎಂದು ಹೇಳಿಕೊಳ್ಳಿ. ಹೇಳುತ್ತಿರುವವರು ಯಾರು, ಯಾರ ಮೇಲೆ ಮಾಡಿ ನೋಡಿದ್ದಾರೆ, ಅವರಿಗೇನು ಲಾಭ ಎಂಬ ಒಂದು ಪ್ರಶ್ನೆಯೂ ಬಾಯಿಗೆ ಬರುವುದಿಲ್ಲ. ಕೇಳಿದ್ದನ್ನು ಮರುದಿನವೇ ಮೈಮೇಲೆ ಪ್ರಯೋಗಿಸಿ, ಜೊತೆಗೆ ಇಡೀ ನೆಂಟರ ಗುಂಪಿಗೂ ಕಳಿಸುತ್ತಾನೆ.

ತೆಂಗಿನ ಬಗ್ಗೆ ಇಷ್ಟು ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. 1998ರ ಸುಮಾರಿಗೆ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಬೇಗನೆ ಕರ್ನಾಟಕದ ತೋಟಗಳಿಗೂ ಹಬ್ಬಿತು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ಎಳೆಗಾಯಿಯ ತೊಟ್ಟಿನ ಹೊದಿಕೆಯ ಕೆಳಗೆ ಕೂತು ರಸ ಹೀರುತ್ತದೆ. ಕಾಯಿಯ ಮೈಮೇಲೆ ಕಂದು ಕಲೆ, ಬಿರುಕು, ಕೊನೆಗೆ ಮುಷ್ಟಿಯಷ್ಟೇ ಉಳಿಯುವ ಕಾಯಿ. ಆಗ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟಗಳಿಗೆ ಸಲಹೆಗಳ ಪ್ರವಾಹವೇ ಬಂತು. ಬೇವಿನೆಣ್ಣೆ, ಬೆಳ್ಳುಳ್ಳಿ, ಸೋಪಿನ ಮಿಶ್ರಣ ಸಿಂಪಡಿಸಿ ಎಂದರು. ಅರವತ್ತು ಅಡಿ ಎತ್ತರದ ಮರದ ಸುಳಿಗೆ ಸಿಂಪಡಿಸುವವರು ಯಾರು? ಹಾಗಾದರೆ ಬೇರಿನ ಮೂಲಕ ಔಷಧಿ ಕೊಡಿ ಎಂದರು. ಕೆಲವರಿಗೆ ಅಷ್ಟಿಷ್ಟು ಫಲ ಸಿಕ್ಕಿತು, ಹಲವರಿಗೆ ಖರ್ಚಷ್ಟೇ ಉಳಿಯಿತು. ಔಷಧಿಗಿಂತ ಮರದ ಆರೈಕೆಗೇ, ಅಂದರೆ ಗೊಬ್ಬರ, ನೀರು, ತೋಟದ ಸ್ವಚ್ಛತೆಗೇ ಹೆಚ್ಚು ಗಮನ ಕೊಟ್ಟವರೂ ಇದ್ದರು.

ಇನ್ನೊಂದು ಕಾರಣ ಮರದ ಸ್ವಭಾವದಲ್ಲೇ ಇದೆ. ತೆಂಗಿನ ಸುಳಿಯೊಳಗೆ ಹೊಂಬಾಳೆಯ ಮೊಳಕೆ ಮೂಡಿದಾಗಿನಿಂದ ಕಾಯಿ ಬಲಿತು ಕೈಗೆ ಬರುವವರೆಗೆ ಮೂರೂವರೆ ವರ್ಷದಷ್ಟು ಕಾಲ ಹಿಡಿಯುತ್ತದೆ. ಈ ವರ್ಷದ ಬರ ಮುಂದಿನೆರಡು ವರ್ಷದ ಇಳುವರಿಯಲ್ಲಿ ಕಾಣುತ್ತದೆ. ಈ ವರ್ಷ ಹಾಕಿದ ಗೊಬ್ಬರವೂ ಅಷ್ಟೇ. ಹೀಗಿರುವಾಗ ಹದಿನೈದು ದಿನದಲ್ಲಿ ಕಾಯಿ ದುಪ್ಪಟ್ಟು ಎನ್ನುವವನನ್ನು ತೋಟದವರು ನೋಡಿ ನಕ್ಕುಬಿಡುತ್ತಾರೆ.

ಬೋರಾನ್ ಕೊರತೆಯ ಉದಾಹರಣೆ ನೋಡಿ. ಸುಳಿಯ ಗರಿಗಳು ಬಿಚ್ಚಿಕೊಳ್ಳದೆ ಒಂದಕ್ಕೊಂದು ಅಂಟಿಕೊಂಡು, ತುದಿ ಮುದುಡಿಕೊಂಡರೆ ಅದು ಬೋರಾನ್ ಕೊರತೆಯ ಲಕ್ಷಣ. ಅಂಥ ಮರದ ಪಾತಿಗೆ 50 ಗ್ರಾಂ ಬೋರಾಕ್ಸ್ ಹಾಕಿದರೆ ಹೊಸ ಗರಿ ನೇರವಾಗಿ ಬರುತ್ತದೆ. ಆದರೆ ಕೊರತೆಗೂ ವಿಷಕ್ಕೂ ನಡುವಿನ ಅಂತರ ಬೋರಾನ್ ವಿಷಯದಲ್ಲಿ ಬಹಳ ಕಿರಿದು. ಪಕ್ಕದ ತೋಟಕ್ಕೆ ಅಮೃತವಾದ ಬೋರಾಕ್ಸನ್ನು ಕೊರತೆಯೇ ಇಲ್ಲದ ಮರಕ್ಕೆ ಸುರಿದರೆ ಗರಿಯ ಅಂಚು ಸುಡುತ್ತದೆ. ಅದಕ್ಕೇ ತಿಳಿದವರು ಮೊದಲು ಮಣ್ಣು ಪರೀಕ್ಷೆ ಮಾಡಿಸುತ್ತಾರೆ, ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೇಳುತ್ತಾರೆ. ಮೊದಲು ಪರೀಕ್ಷೆ, ಆಮೇಲೆ ಗೊಬ್ಬರ.

ಇಷ್ಟು ವಿವೇಕ ಇರುವ ಊರಿನಲ್ಲಿ ಮನುಷ್ಯನ ಸರದಿ ಬಂದಾಗ ಮಾತ್ರ ಮೊದಲು ಗೊಬ್ಬರ, ಆಮೇಲೆ ಪರೀಕ್ಷೆ.

ಎಳನೀರನ್ನೇ ತೆಗೆದುಕೊಳ್ಳಿ. ಈ ನೆಲದ ಹೆಮ್ಮೆ ಅದು. ಸುಸ್ತಿಗೆ, ಭೇದಿಗೆ, ಬಿಸಿಲಿಗೆ ಅದಕ್ಕಿಂತ ಒಳ್ಳೆಯದು ಬೇರೆ ಯಾವುದಿದೆ ಎಂದೇ ಇಲ್ಲಿ ಎಲ್ಲರೂ ಕೇಳುವುದು. ಆದರೆ ನೂರು ಮಿಲಿಲೀಟರ್ ಎಳನೀರಿನಲ್ಲಿ ಸುಮಾರು 200 ಮಿಲಿಗ್ರಾಂ ಇಲ್ಲವೇ ಅದಕ್ಕೂ ಹೆಚ್ಚು ಪೊಟ್ಯಾಸಿಯಂ ಇರುತ್ತದೆ. ಗಟ್ಟಿ ಮೂತ್ರಪಿಂಡ ಅದನ್ನು ಸಲೀಸಾಗಿ ಹೊರಗೆ ಹಾಕುತ್ತದೆ. ಮೂತ್ರಪಿಂಡ ಸೋತವರಲ್ಲಿ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನು ಕೆಡಿಸಬಲ್ಲದು. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ವೈದ್ಯರು ಎಳನೀರು ಬೇಡ ಎನ್ನುವುದು ಇದಕ್ಕೇ. ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಬರುವ ನೆಂಟರು ಮಾತ್ರ ಕೈಯಲ್ಲಿ ಎರಡು ಎಳನೀರು ಹಿಡಿದೇ ಬರುತ್ತಾರೆ. ಪ್ರೀತಿಯಲ್ಲಿ ಕೊರತೆಯೇನಿಲ್ಲ. ಎಳನೀರಿನಲ್ಲೂ ದೋಷವಿಲ್ಲ. ಯಾರಿಗೆ ಎಂದು ಕೇಳಲಿಲ್ಲ, ಅಷ್ಟೇ.

ಕೊಬ್ಬರಿ ಎಣ್ಣೆಯ ಕಥೆ ಇನ್ನೂ ವಿಚಿತ್ರ. ತೆಂಗು ತಿಂದರೆ ಕೊಲೆಸ್ಟ್ರಾಲ್ ಎಂದು ದಶಕಗಳ ಕಾಲ ಹೆದರಿಸಲಾಯಿತು. ತೆಂಗಿನಕಾಯಿಯಲ್ಲಿ ಕೊಲೆಸ್ಟ್ರಾಲ್ ಇಲ್ಲವೇ ಇಲ್ಲ, ಗಿಡಮರಗಳಿಂದ ಬರುವ ಯಾವ ಆಹಾರದಲ್ಲೂ ಅದು ಹೇಳಿಕೊಳ್ಳುವಷ್ಟು ಇರುವುದಿಲ್ಲ. ಆಮೇಲೆ ಗಾಳಿ ತಿರುಗಿ, ಅದೇ ಎಣ್ಣೆ ಮರೆವಿನ ಕಾಯಿಲೆಯಿಂದ ಬೊಜ್ಜಿನವರೆಗೆ ಎಲ್ಲಕ್ಕೂ ಮದ್ದು ಎಂಬ ಪ್ರಚಾರ ಹಬ್ಬಿತು. 2018ರಲ್ಲಿ ಕರೀನ್ ಮಿಕೆಲ್ಸ್ ಎಂಬ ಪ್ರಾಧ್ಯಾಪಕಿ ಜರ್ಮನಿಯ ಫ್ರೈಬರ್ಗ್‌ನ ಉಪನ್ಯಾಸವೊಂದರಲ್ಲಿ ಅದನ್ನು ಶುದ್ಧ ವಿಷ ಎಂದು ಕರೆದದ್ದು ಜಗತ್ತಿಡೀ ಸುದ್ದಿಯಾಯಿತು. ಅಮೃತವೂ ಅಲ್ಲ, ವಿಷವೂ ಅಲ್ಲ ಎಂಬುದನ್ನು ಹೇಳುವವರಿಗೆ ಫೋನಿನಲ್ಲಿ ಗಿರಾಕಿ ಇಲ್ಲ. ಕೊಬ್ಬರಿ ಎಣ್ಣೆಯ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಪಾಲು ಪರ್ಯಾಪ್ತ ಕೊಬ್ಬು. 2020ರಲ್ಲಿ 'ಸರ್ಕ್ಯುಲೇಷನ್' ಎಂಬ ವೈದ್ಯಕೀಯ ಪತ್ರಿಕೆ 16 ಪ್ರಯೋಗಗಳ ಫಲಿತಾಂಶವನ್ನು ಒಟ್ಟಿಗೆ ತೂಗಿ ನೋಡಿದ ಲೇಖನ ಪ್ರಕಟಿಸಿತು. ಸೂರ್ಯಕಾಂತಿ, ಸೋಯಾದಂಥ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ ಕೆಟ್ಟ ಕೊಲೆಸ್ಟ್ರಾಲನ್ನು ಸುಮಾರು 10 ಅಂಕ ಏರಿಸುತ್ತದೆ ಎಂದು ಅದರಲ್ಲಿತ್ತು. ಅಂದರೆ ಹೃದಯದ ತೊಂದರೆ ಇದ್ದವರು ಕೈ ಹಿಡಿದು ಬಳಸಬೇಕು. ಸಾರಿಗೆ ತುರಿದು ಹಾಕಿದ ಅರ್ಧ ಹೋಳು ಕಾಯಿಗೂ, ಬೆಳಗ್ಗೆದ್ದು ನಾಲ್ಕು ಚಮಚ ಎಣ್ಣೆ ಕುಡಿಯುವುದಕ್ಕೂ ವ್ಯತ್ಯಾಸವಿದೆ.

ಅಂಕಿಗಳ ಮಾತು ಬಂದರೆ, ಫೋನಿನ ಸಲಹೆಗಾರರಿಗೆ ಅಂಕಿ ಅಂದರೆ ಪ್ರಾಣ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಲೆಕ್ಕ ಯಾವ ವೈದ್ಯರ ಸಂಶೋಧನೆಯಿಂದಲೂ ಬಂದದ್ದಲ್ಲ. 1965ರ ಸುಮಾರಿಗೆ ಜಪಾನಿನ ಯಮಾಸಾ ಎಂಬ ಗಡಿಯಾರದ ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕಿಟ್ಟು, ಅದಕ್ಕೆ ಹತ್ತು ಸಾವಿರ ಹೆಜ್ಜೆಯ ಮೀಟರ್ ಎಂದೇ ಹೆಸರಿಟ್ಟಿತು. ಜಾಹೀರಾತು ಆರೋಗ್ಯ ಸೂತ್ರವಾದ ಕಥೆ ಅದು. ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಸಂಗಡಿಗರು ಸರಾಸರಿ 72 ವರ್ಷದ 16,741 ಅಮೆರಿಕನ್ ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲೇ ಸಾವಿನ ಪ್ರಮಾಣ ಶೇಕಡಾ 41ರಷ್ಟು ಕಡಿಮೆ ಇತ್ತು. 7,500ರ ಆಸುಪಾಸಿನಲ್ಲಿ ಲಾಭದ ಏರಿಕೆ ನಿಂತಿತು. ಮಂಡಿನೋವಿನ ಅಜ್ಜಿಗೆ ಹತ್ತು ಸಾವಿರದ ಗುರಿ ಕೊಟ್ಟು ಮೂರನೇ ದಿನಕ್ಕೆ ಮಂಚ ಹಿಡಿಸುವ ಬದಲು, ಈಗ ನಡೆಯುವುದಕ್ಕಿಂತ ಸಾವಿರ ಹೆಜ್ಜೆ ಹೆಚ್ಚು ನಡೆಯಮ್ಮಾ ಎಂದರೆ ಸಾಕು.

21 ದಿನದ ಸೂತ್ರದ ಬೇರು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದ ಪುಸ್ತಕದಲ್ಲಿದೆ. ಬದಲಾದ ಮೂಗಿಗೋ ಮುಖಕ್ಕೋ ತಮ್ಮ ರೋಗಿಗಳು ಒಗ್ಗಿಕೊಳ್ಳಲು ಕಡೇಪಕ್ಷ 21 ದಿನ ಬೇಕು ಎಂದು ಅವರು ಗಮನಿಸಿದ್ದರು. ಹೇಳುತ್ತಾ ಹೇಳುತ್ತಾ 'ಕಡೇಪಕ್ಷ' ಬಿದ್ದುಹೋಗಿ, ಮೂಗು ಹೋಗಿ, ಯಾವ ಅಭ್ಯಾಸವಾದರೂ 21 ದಿನದಲ್ಲಿ ಎಂದಾಯಿತು. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ 96 ಜನರ ಮೇಲೆ ನಿಜಕ್ಕೂ ಅಳೆದು ನೋಡಿದಾಗ ಹೊಸ ಅಭ್ಯಾಸವೊಂದು ಮೈಗೂಡಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾದರೆ, ಇನ್ನು ಕೆಲವರಿಗೆ 254 ದಿನದವರೆಗೂ ಬೇಕಾಗಬಹುದು ಎಂಬ ಅಂದಾಜು ಬಂತು. ಮಧ್ಯೆ ಒಂದು ದಿನ ತಪ್ಪಿದರೆ ಮುಳುಗಿಹೋಗುವುದೇನೂ ಇಲ್ಲ ಎಂದೂ ತಿಳಿಯಿತು. ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ ಗಿಟುಕು ಗಟಗಟ ಸದ್ದು ಮಾಡುವವರೆಗೆ ಹತ್ತು ಹನ್ನೊಂದು ತಿಂಗಳು ಕಾಯುವ ಜನರಿಗೆ ಇದು ಅರ್ಥವಾಗದ ಸಂಗತಿಯಲ್ಲ. ಆದರೂ 22ನೇ ದಿನ ವ್ಯಾಯಾಮ ತಪ್ಪಿಸಿದ್ದಕ್ಕೆ "ನನ್ನ ಕೈಲಿ ಏನೂ ಆಗಲ್ಲ" ಎಂದು ಕೈಚೆಲ್ಲುವವರು ಎಷ್ಟೊಂದು ಜನ.

ಬೇಗ ಏಳುವ ಉಪದೇಶವಂತೂ ಈ ಕಡೆಯ ಹಳ್ಳಿಗಳಿಗೆ ತಮಾಷೆಯಾಗಿಯೇ ಕೇಳಬೇಕು. ಹಸು ಕಟ್ಟಿದ ಮನೆಯಲ್ಲಿ ಐದಕ್ಕೆ ಏಳುವುದು ಸಾಧನೆಯಲ್ಲ, ಡೇರಿಗೆ ಹಾಲು ಹಾಕುವ ಹೊತ್ತು. ತೊಂದರೆ ಇರುವುದು ಮಲಗುವ ಕಡೆ. ಹತ್ತನೇ ತರಗತಿಯ, ಪಿಯುಸಿಯ ಮಕ್ಕಳು ರಾತ್ರಿ ಹನ್ನೆರಡರವರೆಗೆ ಓದಿ (ಅಥವಾ ಫೋನ್ ನೋಡಿ), ಯಾರೋ ಸಾಧಕರ ಮಾತು ಕೇಳಿದ ಅಪ್ಪನ ಅಲಾರಂಗೆ ನಾಲ್ಕಕ್ಕೆ ಏಳುತ್ತಾರೆ. 13ರಿಂದ 18ರ ವಯಸ್ಸಿನವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಎನ್ನುತ್ತಾರೆ ನಿದ್ರಾ ತಜ್ಞರು. ದೊಡ್ಡವರಿಗೂ ಏಳು ಗಂಟೆಗೆ ಕಡಿಮೆಯಾಗಬಾರದು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೂ ನಿದ್ದೆಯಲ್ಲೇ. ನಾಲ್ಕು ಗಂಟೆ ನಿದ್ದೆ ಮಾಡಿ ಮೊದಲ ಪೀರಿಯಡ್ಡಿನಲ್ಲೇ ತೂಕಡಿಸುವ ಹುಡುಗನನ್ನು ಸೋಮಾರಿ ಎನ್ನುವುದು ಅನ್ಯಾಯ.

ಈ ಜಿಲ್ಲೆಯಲ್ಲಿ ದಿನಚರಿಯ ಮಾತು ಬಂದರೆ ಎಲ್ಲರೂ ಕೈಮುಗಿದು ನೆನೆಯುವುದು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರನ್ನು. 1907ರಲ್ಲಿ ಹುಟ್ಟಿ 2019ರ ಜನವರಿ 21ರವರೆಗೆ, 111 ವರ್ಷ ಬಾಳಿದವರು. ನಸುಕಿಗೂ ಮುಂಚೆ ಏಳುವುದು, ಪೂಜೆ, ಮಿತ ಊಟ ಎಂದು ಅವರ ದೀರ್ಘಾಯುಷ್ಯದ ಗುಟ್ಟುಗಳ ಪಟ್ಟಿ ಇಂದಿಗೂ ಫೋನಿಂದ ಫೋನಿಗೆ ಹೋಗುತ್ತಿರುತ್ತದೆ. ಆ ಪಟ್ಟಿಯಲ್ಲಿ ಇಲ್ಲದ್ದು ಒಂದಿದೆ: ಅವರು ವೈದ್ಯರ ಆರೈಕೆಯನ್ನು ಬೇಡ ಎಂದವರಲ್ಲ. 2018ರ ಡಿಸೆಂಬರಿನಲ್ಲಿ, ಆ ವಯಸ್ಸಿನಲ್ಲಿ, ಚೆನ್ನೈನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಮಹಾತ್ಮರನ್ನು ಅನುಕರಿಸುವವರು ಊಟ ಬಿಡುವುದನ್ನು ಬೇಗ ಕಲಿಯುತ್ತಾರೆ, ಡಾಕ್ಟರ ಹತ್ತಿರ ಹೋಗುವುದನ್ನಲ್ಲ.

ಎಲ್ಲಕ್ಕಿಂತ ಕಠೋರವಾದ ಸಲಹೆ ಮಾತ್ರ ಕೇಳಲು ಬಹಳ ಸಿಹಿಯಾಗಿರುತ್ತದೆ: ಒಳ್ಳೆಯದನ್ನೇ ಯೋಚಿಸಿ, ಎಲ್ಲಾ ಸರಿಹೋಗುತ್ತದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೋನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಇದನ್ನೇ ಪರೀಕ್ಷೆಗೊಡ್ಡಿದರು. ನಾನು ಪ್ರೀತಿಗೆ ಅರ್ಹ ಎಂಬಂಥ ವಾಕ್ಯವನ್ನು ಮತ್ತೆ ಮತ್ತೆ ಹೇಳಿಕೊಂಡಾಗ ಆತ್ಮವಿಶ್ವಾಸ ಮೊದಲೇ ಇದ್ದವರಿಗೆ ಒಂದಿಷ್ಟು ಹಿತವೆನಿಸಿತು. ಅದು ಇಲ್ಲದವರಿಗೆ, ಅಂದರೆ ಯಾರಿಗೆ ಮದ್ದು ಬೇಕಿತ್ತೋ ಅವರಿಗೇ, ಇದ್ದ ಮನಸ್ಸೂ ಇನ್ನಷ್ಟು ಕುಗ್ಗಿತು. ಬಾಯಿ ಹೇಳುವುದನ್ನು ಒಳಗಿನ ಮನಸ್ಸು ಸುಳ್ಳು ಎನ್ನುತ್ತಿದ್ದರೆ ಹಾಗಾಗದೆ ಇನ್ನೇನು.

ಈಗ ಕೊಬ್ಬರಿ ಮನೆಯ ಹೆಂಗಸರ ಕಡೆ ಬರೋಣ. ಬೆಳಗ್ಗೆ ಹಾಲು, ಅಡುಗೆ, ಮಕ್ಕಳ ಡಬ್ಬಿ. ಆಮೇಲೆ ತೋಟ, ಇಲ್ಲವೇ ಚಿಪ್ಪು ಬಿಡಿಸುವ ಕೂಲಿ. ಸಂಜೆ ಮತ್ತೆ ಹಾಲು, ಅಡುಗೆ. ಊಟಕ್ಕೆ ಕೂರುವುದು ಎಲ್ಲರದೂ ಆದಮೇಲೆ, ಉಳಿದದ್ದರಲ್ಲಿ. ಸುಸ್ತು ಎಂದರೆ "ಮನಸ್ಸು ಗಟ್ಟಿ ಮಾಡ್ಕೋ" ಎಂಬ ಉಪದೇಶ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇಕಡಾ 48ರಷ್ಟು ಮಂದಿಗೆ ರಕ್ತಹೀನತೆ ಇದೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು! ಹಿಮೋಗ್ಲೋಬಿನ್ 12 ಇರಬೇಕಾದ ಕಡೆ 9 ಇದ್ದರೆ ಅಟ್ಟದ ಏಣಿ ಹತ್ತುವಾಗ ಏದುಸಿರು ಬರುತ್ತದೆ, ತಲೆ ಭಾರ, ಯಾವುದರಲ್ಲೂ ಆಸಕ್ತಿಯಿಲ್ಲ, ಸಿಡುಕು. ಥೈರಾಯ್ಡ್ ಕಡಿಮೆಯಾದರೂ ಇಂಥದ್ದೇ ಲಕ್ಷಣ. ಇದು ಸೋಮಾರಿತನವೂ ಅಲ್ಲ, ದುರ್ಬಲ ಮನಸ್ಸೂ ಅಲ್ಲ. ರಕ್ತಹೀನತೆಯಂತೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ತೊಟ್ಟು ರಕ್ತ ಕೊಟ್ಟರೆ ಗೊತ್ತಾಗುವ, ಹೆಚ್ಚಿನವರಲ್ಲಿ ಕಬ್ಬಿಣಾಂಶದ ಮಾತ್ರೆಗೆ ಬಗ್ಗುವ ಕಾಯಿಲೆ. ಇಂಥ ಹೆಂಗಸಿಗೆ ಸ್ಫೂರ್ತಿಯ ಭಾಷಣ ಕೇಳಿಸುವುದಕ್ಕಿಂತ ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂರಿಸುವುದು ಮೇಲು. ತನ್ನನ್ನು ತಾನು ಮೊದಲು ನೋಡಿಕೊಳ್ಳುವುದು ಸ್ವಾರ್ಥ ಎಂಬ ಮಾತನ್ನು ನಮ್ಮಲ್ಲಿ ಹೆಚ್ಚಾಗಿ ಹೇಳುವವರು ಬಿಸಿ ಊಟ ಮಾಡಿ ಎದ್ದವರೇ.

ಸ್ವಂತ ಸುಧಾರಣೆಯಿಂದ ಸರಿಹೋಗದ ಸಂಗತಿಗಳೂ ಇವೆ. 2023ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಿಸಿದ್ದಾಗ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ 8,000ದ ಆಸುಪಾಸಿಗೆ ಕುಸಿದಿತ್ತು. ಮುಂದಿನ ವರ್ಷದ ಆರಂಭದಲ್ಲಿ ನಾಫೆಡ್ ಸಂಸ್ಥೆಯ ಬೆಂಬಲ ಬೆಲೆ ಖರೀದಿಯ ನೋಂದಣಿಗೆ ರೈತರು ಉದ್ದುದ್ದ ಸಾಲುಗಳಲ್ಲಿ ನಿಂತರು. ಬ್ಯಾಂಕಿನ ಸಾಲ ಹೊತ್ತು ಅಲ್ಲಿ ನಿಂತವನ ರಾತ್ರಿಯ ನಿದ್ದೆ ಕೆಟ್ಟಿದ್ದರೆ ಅದು ಅವನ ಯೋಚನಾಕ್ರಮದ ದೋಷವಲ್ಲ. 2025ರಲ್ಲಿ ಧಾರಣೆ 20,000 ದಾಟಿತು, ಅದೂ ಅವನ ಧನಾತ್ಮಕ ಚಿಂತನೆಯ ಫಲವಲ್ಲ. ಬೆಲೆಯ ಸಮಸ್ಯೆಗೆ ಸಂಘಟನೆ, ಹೋರಾಟ, ಸರ್ಕಾರದ ನೀತಿ ಬೇಕು. ಎಲ್ಲವನ್ನೂ ನಿನ್ನ ಮನೋಭಾವ ಸರಿಯಿಲ್ಲ ಎಂಬ ಒಂದೇ ಗೂಟಕ್ಕೆ ಕಟ್ಟುವ ಸಲಹೆಗಾರರನ್ನು ದೂರವಿಡುವುದೇ ವಾಸಿ.

ಹಾಗೆಂದು ಕನ್ನಡದಲ್ಲಿ ಒಳ್ಳೆಯ ಬುದ್ಧಿಮಾತಿಗೆ ಬರವಿಲ್ಲ. 1943ರಲ್ಲಿ ಬಂದ ಡಿ.ವಿ.ಜಿ.ಯವರ 'ಮಂಕುತಿಮ್ಮನ ಕಗ್ಗ' ಇಂದಿಗೂ ಮನೆಮನೆಯಲ್ಲಿದೆ. ಸ್ವಾಮಿ ಜಗದಾತ್ಮಾನಂದರ 'ಬದುಕಲು ಕಲಿಯಿರಿ' ಓದಿ ಚೇತರಿಸಿಕೊಂಡೆ ಎನ್ನುವವರು ಹಳೆಯ ತಲೆಮಾರಿನಲ್ಲಿ ಬೇಕಾದಷ್ಟಿದ್ದಾರೆ. ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ಸರಳ ಕನ್ನಡದಲ್ಲಿ ರಾಶಿ ರಾಶಿ ಪುಸ್ತಕ ಬರೆದಿದ್ದಾರೆ. ಇವುಗಳನ್ನೂ ಕಣ್ಣುಮುಚ್ಚಿ ನುಂಗಬೇಕಿಲ್ಲ. ಆದರೆ ಪುಸ್ತಕ ಕೈಯಲ್ಲಿ ಕೂರುತ್ತದೆ, ಒಪ್ಪದಿದ್ದರೆ ಮುಚ್ಚಿಡಬಹುದು. ಮೊದಲ ವಿಡಿಯೊ ಉಚಿತ, ಎರಡನೆಯದಕ್ಕೆ 499, ಬದುಕು ಬದಲಾಗದಿದ್ದರೆ ನಿಮ್ಮ ಶ್ರದ್ಧೆ ಸಾಲದು, ಮುಂದಿನ ಶಿಬಿರಕ್ಕೆ ಬನ್ನಿ ಎನ್ನುವ ಧಾಟಿಯ ವ್ಯಾಪಾರವೇ ಬೇರೆ. ಸೋತರೆ ತಪ್ಪು ಯಾವಾಗಲೂ ಕೇಳುಗನದು, ಗೆದ್ದರೆ ಕೀರ್ತಿ ಯಾವಾಗಲೂ ಗುರುವಿನದು ಆಗಿರುವ ಕಡೆ ಜೇಬು ಭದ್ರ ಮಾಡಿಕೊಳ್ಳಬೇಕು. ಮಾತ್ರೆ ನಿಲ್ಲಿಸಿ ಎಂದು ಯಾರಾದರೂ ಹೇಳಿದರಂತೂ ಮುಂದೆ ಕೇಳುವ ಅಗತ್ಯವೇ ಇಲ್ಲ.

ಮಣ್ಣು ಪರೀಕ್ಷೆಗೆ ಕೊನೇಹಳ್ಳಿ ಇದ್ದ ಹಾಗೆ ಮೈ ಮನಸ್ಸಿನ ಪರೀಕ್ಷೆಗೂ ಹತ್ತಿರದಲ್ಲೇ ಜಾಗಗಳಿವೆ. 30 ದಾಟಿದವರಿಗೆ ಬಿ.ಪಿ., ಸಕ್ಕರೆಯ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿತು, ಸುಸ್ತಿಗೂ ಮಂಕಿಗೂ ಅದೇ ಕಾರಣವಾಗಿರಬಹುದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ನೋಡುವ ವ್ಯವಸ್ಥೆಯಿದೆ. ಎರಡು ವಾರಕ್ಕೂ ಮಿಕ್ಕಿ ದಿನದ ಬಹುಪಾಲು ಬೇಸರ, ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕಿ ಏನು ಎಂಬ ಯೋಚನೆ ಬರುತ್ತಿದೆ ಎಂದಾದರೆ ಪುಸ್ತಕ, ವಿಡಿಯೊ, ಶಿಬಿರ ಎಲ್ಲವನ್ನೂ ಬದಿಗಿಟ್ಟು ಅಲ್ಲಿಗೆ ಹೋಗಬೇಕು. ಅಷ್ಟು ದೂರ ಹೋಗಲು ಆಗದವರಿಗೆ, ನಾಲ್ಕು ಜನ ನೋಡುತ್ತಾರೆ ಎಂಬ ಅಳುಕಿರುವವರಿಗೆ 2022ರ ಅಕ್ಟೋಬರ್ 10ರಿಂದ ಟೆಲಿ-ಮಾನಸ್ ಸಹಾಯವಾಣಿ ಇದೆ. ನಂಬರು 14416. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಾಗಿಲ್ಲ.